ಬಿಟ್ಟಿ ಹಂಚಿದ ಜರಡಿ

ರಮಾಮಣಿಗೆ ಸಿಟ್ಟೇ ಬರುವುದಿಲ್ಲ ಎಂದು ಅವಳ ಗಂಡ ಸತ್ಯಮೂರ್ತಿ ನೆಂಟರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಅದು ನಿಜವಲ್ಲ. ಅವಳಿಗೆ ಸಿಟ್ಟು ಬರುತ್ತಿತ್ತು. ಬಂದದ್ದು ಹೋಗುತ್ತಿರಲಿಲ್ಲ, ಅಷ್ಟೇ. ಆರನೇ ಕ್ಲಾಸಿನಲ್ಲಿ ಇವಳು ಬರೆದ ಭೂಪಟವನ್ನು ತನ್ನದೆಂದು ಟೀಚರಿಗೆ ತೋರಿಸಿದ ಹುಡುಗಿಯ ಹೆಸರು, ಇನಿಷಿಯಲ್ ಸಮೇತ, ಮೂವತ್ತು ದಾಟಿದ ಮೇಲೂ ಅವಳ ನಾಲಿಗೆಯ ಮೇಲಿತ್ತು.

ಮೈಸೂರಿನಲ್ಲಿ ಫಿಸಿಕ್ಸ್ ಓದಿ ಬಿ.ಎಸ್ಸಿ. ಮಾಡಿದವಳು ಮದುವೆಯಾಗಿ ಮುಂಬಯಿಗೆ ಬಂದದ್ದು ಎಪ್ಪತ್ತೆಂಟರಲ್ಲಿ. ಸತ್ಯಮೂರ್ತಿಗೆ ರೈಲ್ವೆ ಆಫೀಸಿನಲ್ಲಿ ಗುಮಾಸ್ತಿಕೆ. ಭಾಂಡುಪ್‌ನ ಕಾಲೊನಿಯೊಂದರಲ್ಲಿ ಎರಡನೇ ಮಾಳಿಗೆಯ ಮೇಲೆ ಒಂದು ರೂಮು, ಒಂದು ಕಿಚನ್. ಮಧ್ಯಾಹ್ನಗಳು ಉದ್ದವಾಗಿದ್ದವು. ದಾದರ್‌ನಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸೊಂದಿದೆ ಎಂದು ಯಾರೋ ಹೇಳಿದಾಗ ಅವಳು ಹೋಗಿ ಹೆಸರು ಬರೆಸಿದಳು. ಅಲ್ಲಿ ಒಂದು ಕಂಪ್ಯೂಟರಿಗೆ ಹನ್ನೊಂದು ಜನ. ತನ್ನ ಸರದಿ ಬರುವ ತನಕ ಅವಳು ಪ್ರೋಗ್ರಾಮನ್ನು ಕಾಗದದ ಮೇಲೆ ಬರೆದು, ಮನಸ್ಸಿನಲ್ಲೇ ಓಡಿಸಿ, ತಪ್ಪು ತಿದ್ದಿಟ್ಟುಕೊಳ್ಳುತ್ತಿದ್ದಳು. ಮಿಷನ್ ಮುಂದೆ ಕೂತಾಗ ಅದು ಮೊದಲ ಸಲಕ್ಕೇ ಓಡುತ್ತಿತ್ತು.

ವೆಂಕಟಸುಬ್ಬಯ್ಯನವರು ಅವಳನ್ನು ಕೆಲಸಕ್ಕೆ ಸೇರಿಸಿಕೊಂಡದ್ದು ಎಂಬತ್ನಾಲ್ಕರಲ್ಲಿ. ಅವರೂ ಮೈಸೂರಿನವರೇ. ಸರ್ಕಾರಿ ನೌಕರಿ ಬಿಟ್ಟು, ಭಾಂಡುಪ್‌ನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಗಾಲಾ, ಅಂದರೆ ಸಣ್ಣ ಕಾರ್ಖಾನೆಗಾಗುವ ಮಳಿಗೆ, ಹಿಡಿದು, ಆಂಪ್ಲಿಫೈಯರು, ಟೇಪ್ ರೆಕಾರ್ಡರುಗಳನ್ನು ರಿಪೇರಿ ಮಾಡಿಸುತ್ತಿದ್ದರು. ಆಗ ಊರೆಲ್ಲ ಕ್ಯಾಸೆಟ್ ಕಾಲ. ಕಂಪನಿಗಳ ಹತ್ತಿರ ಹಳೆಯ ಸ್ಪೂಲ್ ಟೇಪುಗಳು ರಾಶಿ ಬಿದ್ದಿದ್ದವು. ಹಾಡು ಚೆನ್ನಾಗಿದೆ, ಆದರೆ ಹಿಂದೆ ಫ್ಯಾನಿನ ಗುಂಯ್, ಕರೆಂಟಿನ ಝುಂಯ್, ಟೇಪಿನದೇ ಬುಸುಬುಸು.

"ಈ ಸದ್ದನ್ನ ಕಂಪ್ಯೂಟರಿನಲ್ಲಿ ತೆಗೆಯೋಕ್ಕಾಗುತ್ತಾ, ನೋಡಮ್ಮ ತಂಗಿ," ಎಂದರು ವೆಂಕಟಸುಬ್ಬಯ್ಯ. "ಆಯಿತು ಅಂದರೆ ನಿನ್ನ ಹೆಸರು ಉಳಿಯುತ್ತೆ."

ಆ ಕೊನೆಯ ಮಾತನ್ನು ರಮಾಮಣಿ ನೆನಪಿಟ್ಟುಕೊಂಡಳು.

ಮೂರು ವರ್ಷ ಹಿಡಿಯಿತು. ಶಬ್ದವನ್ನು ಕಣ್ಣೆವೆ ಮಿಟುಕಿಸುವಷ್ಟು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಬೇಕು. ಯಾರೂ ಹಾಡದ, ಬರೀ ಫ್ಯಾನು ತಿರುಗುವ ಒಂದು ಜಾಗ ಹುಡುಕಿ, ಆ ಗದ್ದಲದಲ್ಲಿ ಯಾವ ಯಾವ ಸ್ವರ ಎಷ್ಟೆಷ್ಟಿದೆ ಎಂದು ಅಳೆಯಬೇಕು. ಆಮೇಲೆ ಪ್ರತಿಯೊಂದು ತುಂಡಿನಿಂದಲೂ ಅಷ್ಟನ್ನು ಕಳೆದು ಮತ್ತೆ ಜೋಡಿಸಬೇಕು. ಹೇಳಲು ಸುಲಭ. ಒಂದು ನಿಮಿಷದ ಹಾಡು ಶುದ್ಧವಾಗಲು ಆ ಕಂಪ್ಯೂಟರಿಗೆ ನಲವತ್ತು ನಿಮಿಷ ಬೇಕಿತ್ತು. ರಮಾಮಣಿ ತನ್ನ ನೋಟ್‌ಬುಕ್ಕಿನಲ್ಲಿ ಆ ಪ್ರೋಗ್ರಾಮಿಗೆ ‘ಜರಡಿ’ ಎಂದು ಹೆಸರಿಟ್ಟಿದ್ದಳು. ಎಂಬತ್ತೇಳರ ಒಂದು ಬೆಳಗ್ಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಹಾಡುವವಳು ಪಕ್ಕದಲ್ಲೇ ಕೂತು ಉಸಿರೆಳೆದುಕೊಂಡ ಹಾಗಿತ್ತು. ಫ್ಯಾನು ಇರಲಿಲ್ಲ. ಅವಳು ಹೆಡ್‌ಫೋನ್ ತೆಗೆದು, ಗಾಲಾದಲ್ಲಿ ನಿಜವಾಗಿ ತಿರುಗುತ್ತಿದ್ದ ಫ್ಯಾನಿನ ಕಡೆ ತಲೆಯೆತ್ತಿ ನೋಡಿದಳು.

ಒಂದೇ ಒಂದು ದೋಷ ಉಳಿದಿತ್ತು. ತುಂಡುಗಳನ್ನು ಎಣಿಸುವ ಲೆಕ್ಕ ಒಂದು ಮಿತಿ ಮೀರಿದರೆ ತಿರುಗಿ ಸೊನ್ನೆಗೆ ಬರುತ್ತಿತ್ತು. ಹದಿನೇಳೂವರೆ ನಿಮಿಷಕ್ಕಿಂತ ಉದ್ದದ ರೆಕಾರ್ಡಿಂಗ್ ಕೊಟ್ಟರೆ ಪ್ರೋಗ್ರಾಮು ದಿಕ್ಕೆಟ್ಟು ಹಿಂದಿನದನ್ನೇ ಮತ್ತೆ ಮತ್ತೆ ಬರೆಯುತ್ತಿತ್ತು. ಹಾಡುಗಳು ಐದಾರು ನಿಮಿಷದವು, ಯಾರಿಗೂ ಗೊತ್ತಾಗುವಂತಿರಲಿಲ್ಲ. ‘ಇದನ್ನು ಸರಿಮಾಡಬೇಕು’ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು.

ಅಷ್ಟರಲ್ಲಿ ಮೈಸೂರಿನಲ್ಲಿ ಅವಳ ತಂದೆ ತೀರಿಕೊಂಡರು. ಹೋಗಿ, ಹದಿಮೂರು ದಿನದ ಕಾರ್ಯ ಮುಗಿಸಿ ಬಂದ ವಾರವೇ ಸಮುದ್ರದ ಕಡೆಯ ದೊಡ್ಡ ಹೋಟೆಲೊಂದರಲ್ಲಿ ಆಡಿಯೋ ಕಂಪನಿಗಳ ಪ್ರದರ್ಶನ. ವೆಂಕಟಸುಬ್ಬಯ್ಯನವರ ಸ್ಟಾಲಿನ ಮೇಲೆ ‘ವೆಂಕ್‌ಟೋನ್’ ಎಂದು ಜರಡಿಗೆ ಅವರಿಟ್ಟ ಹೆಸರಿನ ಥಳಥಳಿಸುವ ಬೋರ್ಡು. ಹಂಚಲು ಇಟ್ಟಿದ್ದ ಕಾಗದವನ್ನು ರಮಾಮಣಿ ಓದಿದಳು. ಈ ಅಪೂರ್ವ ಪ್ರೋಗ್ರಾಮನ್ನು ಯೋಚಿಸಿದವರು ಕೆ. ವೆಂಕಟಸುಬ್ಬಯ್ಯ, ಬರೆದವರು ಅವರ ಪುತ್ರ ವಿ. ನಂಜುಂಡ, ಬಿ.ಇ. ಪಕ್ಕದಲ್ಲಿ ಅಪ್ಪ, ಮಗ ಇಬ್ಬರ ಫೋಟೊ. ನಂಜುಂಡ ಕಾಲೇಜು ಮುಗಿಸಿ ಎರಡು ತಿಂಗಳಾಗಿತ್ತು.

ಯಾರೋ ಕ್ಯಾಸೆಟ್ ಕಂಪನಿಯವರು ಬಂದು, ಕೀಬೋರ್ಡಿನ ಮುಂದೆ ಕೂತಿದ್ದ ಅವಳನ್ನು ತೋರಿಸಿ, ಇವರು ಯಾರು ಎಂದು ಕೇಳಿದರು.

"ನಮ್ಮ ಟೈಪಿಂಗ್ ಮಾಡೋ ಹೆಂಗಸು," ಎಂದರು ವೆಂಕಟಸುಬ್ಬಯ್ಯ. "ರಮಾ, ಇವರಿಗೆ ಚಹಾ ತರಿಸಮ್ಮ."

ಅವಳು ಚಹಾ ತರಿಸಿದಳು. ಮರುದಿನ ಗಾಲಾದಲ್ಲಿ ಅವರ ಮೇಜಿನ ಮುಂದೆ ನಿಂತು ಕೇಳಿದಳು.

"ಸಾರ್, ಬರೆದದ್ದು ನಾನು."

"ಬರೆದೆ. ಸಂಬಳ ತಗೊಂಡು ಬರೆದೆ. ಸಂಬಳ ತಗೊಂಡು ಗೋಡೆ ಕಟ್ಟಿದವನು ಮನೆ ನನ್ನದು ಅಂತಾನಾ?"

"ಮನೆ ಕೇಳ್ತಾ ಇಲ್ಲ. ಹೆಸರು ಕೇಳ್ತಾ ಇದೀನಿ. ಹೆಸರು ಉಳಿಯುತ್ತೆ ಅಂದವರು ನೀವು."

ವೆಂಕಟಸುಬ್ಬಯ್ಯ ಕನ್ನಡಕ ತೆಗೆದು ಒರೆಸಿದರು. "ತಂಗಿ, ಹೆಂಗಸು ಬರೆದದ್ದು ಅಂದರೆ ಮಾರ್ಕೆಟ್ಟಿನಲ್ಲಿ ನಂಬಿಕೆ ಬರಲ್ಲ. ನಂಜುಂಡ ಬಿ.ಇ. ಮಾಡಿದಾನೆ. ಇಷ್ಟಕ್ಕೆಲ್ಲ ಮನಸ್ಸಿಗೆ ಹಚ್ಚಿಕೊಂಡರೆ ಕೆಲಸ ಮಾಡೋದು ಹ್ಯಾಗೆ?"

ಅವಳಿಂದ ಕೆಲಸ ಮಾಡಲು ಆಗಲಿಲ್ಲ, ಬಿಟ್ಟಳು. ತನ್ನ ನೋಟ್‌ಬುಕ್ಕುಗಳನ್ನು ಕೇಳಿದಾಗ ಅವು ಬೀರುವಿನಲ್ಲಿದ್ದವು, ಬೀಗದ ಕೈ ಸಾಹೇಬರ ಸೊಂಟದಲ್ಲಿತ್ತು. ಬರಿಗೈಯಲ್ಲಿ ಮನೆಗೆ ಬಂದಳು. ಮುಲುಂಡ್‌ನ ವಕೀಲರೊಬ್ಬರು ಎಲ್ಲ ಕೇಳಿ, ಸಂಬಳಕ್ಕೆ ಬರೆದದ್ದು ಸಂಬಳ ಕೊಟ್ಟವನದೇ, ಸುಮ್ಮನಿರಿ ಎಂದರು.

ಸುಮ್ಮನಿರುತ್ತಿದ್ದಳೋ ಏನೋ. ಆದರೆ ಬೇರೆ ಕೆಲಸ ಹುಡುಕಲು ಹೋದಾಗ ಎರಡು ಕಡೆ ಒಪ್ಪಿದವರು ಮರುದಿನ ಬೇಡವೆಂದರು. ಮೂರನೆಯ ಕಡೆ ಮ್ಯಾನೇಜರು ಕೊಂಚ ಒಳ್ಳೆಯವನು, ಬಾಯಿಬಿಟ್ಟು ಹೇಳಿದ. ವೆಂಕಟಸುಬ್ಬಯ್ಯನವರು ಫೋನ್ ಮಾಡಿದ್ದರಂತೆ. ಆ ಹೆಂಗಸು ನಮ್ಮಲ್ಲಿಂದ ಫ್ಲಾಪಿ ಕದ್ದುಕೊಂಡು ಹೋಗಿದ್ದಾಳೆ, ಹುಷಾರು ಎಂದಿದ್ದರಂತೆ.

ರಮಾಮಣಿ ಆ ಆಫೀಸಿನಿಂದ ಇಳಿದು ಬಂದವಳು, ಹತ್ತಬೇಕಾದ ಲೋಕಲ್ ಎರಡು ಸಲ ಬಂದು ಹೋಗುವ ತನಕ ಬೆಂಚಿನ ಮೇಲೆ ಕೂತೇ ಇದ್ದಳು. ಅಳು ಬರಲಿಲ್ಲ. ಅವರಿಗೆ ಏನು ಮಾಡಿದರೆ ನೋಯುತ್ತದೆ ಎಂದು, ದಾದರ್‌ನಲ್ಲಿ ಪ್ರೋಗ್ರಾಮು ಓಡಿಸುತ್ತಿದ್ದ ಹಾಗೆಯೇ, ಮನಸ್ಸಿನಲ್ಲಿ ಒಂದೊಂದಾಗಿ ಓಡಿಸಿ ನೋಡುತ್ತಿದ್ದಳು. ಗಾಲಾಕ್ಕೆ ಬೆಂಕಿ ಬೀಳುವುದು, ಹೆಂಡತಿಯ ಮುಂದೆ ಮಾನ ಹೋಗುವುದು, ಕೈಗೆ ಲಕ್ವ ಹೊಡೆಯುವುದು. ಯಾವುದೂ ಸರಿಬರಲಿಲ್ಲ. ಕೆಲವು ತನ್ನ ಕೈಲಿ ಆಗುವಂಥವಲ್ಲ, ಕೆಲವು ಸಾಲದು.

ದಾರಿ ತೋರಿಸಿದವಳು ಶಾಮಲಾ, ಏನು ತೋರಿಸುತ್ತಿದ್ದೇನೆಂದು ತಿಳಿಯದೆಯೇ. ಶಾಮಲಾ ಮೈಸೂರಿನ ಕಾಲೇಜು ಗೆಳತಿ; ನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಅಲ್ಲಿಯ ಕಂಪ್ಯೂಟರು ಟೆಲಿಫೋನ್ ತಂತಿಯ ಮೂಲಕ ಹೊರದೇಶದ ಕಂಪ್ಯೂಟರುಗಳ ಜೊತೆ ಕಾಗದ ಪತ್ರ ನಡೆಸುತ್ತಿತ್ತು. ಒಂದು ಭಾನುವಾರ ಊಟಕ್ಕೆ ಬಂದವಳು ಅಲ್ಲಿಯ ಸುದ್ದಿ ಹೇಳುತ್ತಿದ್ದಳು.

"ಏನು ವಿಚಿತ್ರ ಜನ ಗೊತ್ತಾ ರಮಾ. ವರ್ಷಗಟ್ಟಲೆ ಕೂತು ಪ್ರೋಗ್ರಾಮು ಬರೀತಾರೆ, ಬರೆದ ಒಂದೊಂದು ಸಾಲನ್ನೂ ಎಲ್ಲರಿಗೂ ಬಿಟ್ಟಿ ಕೊಟ್ಟುಬಿಡ್ತಾರೆ. ತಗೊಳ್ಳಿ, ತಿದ್ದಿ, ಹಂಚಿ ಅಂತಾರೆ. ಒಂದೇ ಷರತ್ತು. ನೀವು ಯಾರಿಗಾದರೂ ಕೊಟ್ಟರೆ ನೀವೂ ಹಾಗೇ ಬಿಚ್ಚಿ ಕೊಡಬೇಕು, ಬರೆದವರ ಹೆಸರು ಅಳಿಸೋ ಹಾಗಿಲ್ಲ."

ಸಾರು ಬಡಿಸುತ್ತಿದ್ದ ರಮಾಮಣಿಯ ಕೈ ನಿಂತಿತು. "ಅಳಿಸೋ ಹಾಗಿಲ್ವಾ?"

"ಷರತ್ತೇ ಅದು."

"ಹಾಗೆ ಬಿಟ್ಟಿ ಸಿಗೋ ಪ್ರೋಗ್ರಾಮಿನಂಥದನ್ನೇ ಇನ್ನೊಬ್ಬ ಮಾರ್ತಾ ಇದ್ದರೆ?"

ಶಾಮಲಾ ನಕ್ಕಳು. "ಬಿಟ್ಟಿ ಸಿಗೋದನ್ನ ಯಾರು ಕೊಂಡ್ಕೋತಾರೆ? ಅವನು ಅಂಗಡಿ ಮುಚ್ಚಬೇಕು."

ರಮಾಮಣಿ ಸಾರು ಬಡಿಸಿದಳು. ಹಂಚಿ ಬದುಕುವ ಆ ದೂರದ ಜನರ ಔದಾರ್ಯದ ಬಗ್ಗೆ ಶಾಮಲಾ ಇನ್ನೂ ಬಹಳ ಹೊತ್ತು ಮಾತಾಡಿದಳು. ಅದು ಇವಳ ಕಿವಿಗೆ ಬೀಳಲಿಲ್ಲ. ಬೇಕಾದದ್ದು ಆಗಲೇ ಸಿಕ್ಕಿತ್ತು.

ಹಳೆಯದರ ಒಂದು ಸಾಲೂ ಬಳಸಬಾರದು ಎಂದು ಮೊದಲೇ ತೀರ್ಮಾನಿಸಿದಳು. ಕಳ್ಳಿ ಎಂದವರ ಬಾಯಿಗೆ ತಾನೇ ಸಕ್ಕರೆ ಹಾಕುವುದು ಬೇಡ. ಲೆಕ್ಕವನ್ನೇ ಬೇರೆ ರೀತಿ ಹಾಕಬೇಕು, ಬೇರೆ ಭಾಷೆಯಲ್ಲಿ ಬರೆಯಬೇಕು, ಅದಕ್ಕಿಂತ ಚೆನ್ನಾಗಿರಬೇಕು, ಅದಕ್ಕಿಂತ ಬೇಗ ಓಡಬೇಕು. ಬರೆದ ಹಾಳೆಗಳನ್ನು ತಿಂಗಳಿಗೊಮ್ಮೆ ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ತನ್ನದೇ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡಳು. ಪೋಸ್ಟ್‌ಮ್ಯಾನು ತಂದುಕೊಟ್ಟ ಲಕೋಟೆಯನ್ನು ಒಡೆಯದೆ ಟ್ರಂಕಿನಲ್ಲಿಡುತ್ತಿದ್ದಳು. ಯಾವ ತಾರೀಖಿಗೆ ಏನು ಬರೆದಳೆಂಬುದಕ್ಕೆ ಅಂಚೆ ಮುದ್ರೆಯೇ ಸಾಕ್ಷಿ. ಬೆಳಗ್ಗೆ ಕಾಲೊನಿಯ ಮಕ್ಕಳಿಗೆ ಗಣಿತ ಹೇಳಿಕೊಡುವುದು, ಆಮೇಲೆ ಬರೆಯುವುದು.

ಓಡಿಸಿ ನೋಡಲು ಕಂಪ್ಯೂಟರು ಬೇಕಲ್ಲ. ಅದು ಸಿಕ್ಕಿದ್ದು ಬೈಕುಲ್ಲಾದ ಒಂದು ಉಡುಪಿ ಹೋಟೆಲಿನಲ್ಲಿ. ಹೋಟೆಲಿನ ಚೆನ್ನಯರು ಸತ್ಯಮೂರ್ತಿಗೆ ಪರಿಚಯ. ಬಿಲ್ ಮಾಡಲೆಂದು ಕಂಪ್ಯೂಟರ್ ತರಿಸಿ, ನಡೆಸಲು ಯಾರಿಗೂ ಬಾರದೆ, ಗಲ್ಲಾದ ಮೇಲಿನ ಗಿಡ್ಡ ಅಟ್ಟದಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದರು. ಅದರ ಪಕ್ಕದಲ್ಲೇ ಒಂದು ಪೆಟ್ಟಿಗೆ ತುಂಬ ಸ್ಪೂಲುಗಳು. ಚೆನ್ನಯರ ತಂದೆ ಪೂವಪ್ಪ ಹಗಲು ಹೋಟೆಲಿನಲ್ಲಿ ದುಡಿದು, ರಜೆಯ ದಿನ ಫೋರ್ಟ್ ಕಡೆಯ ಶಾಲೆಗಳ ಸಭಾಂಗಣಗಳಲ್ಲಿ ತಾಳಮದ್ದಲೆಗೆ ಅರ್ಥ ಹೇಳುತ್ತಿದ್ದವರು. ವೇಷವಿಲ್ಲದೆ, ಕೂತು ಮಾತಿನಲ್ಲೇ ಕತೆ ನಡೆಸುವ ಆಟ. ಯಾರೋ ಅಭಿಮಾನಿಗಳು ರೆಕಾರ್ಡ್ ಮಾಡಿಟ್ಟಿದ್ದರು, ಸೀಲಿಂಗ್ ಫ್ಯಾನಿನ ಕೆಳಗೆ.

"ಅಪ್ಪನ ಸ್ವರ ಉಂಟು ಅದರಲ್ಲಿ. ಆದರೆ ಎಂತ ಹೇಳುವುದಂತ ಗೊತ್ತಾಗುವುದಿಲ್ಲ ಮಾರಾಯ್ರೇ. ಬರೀ ಗಾಳಿ," ಎಂದರು ಚೆನ್ನಯ.

"ಗಾಳಿ ನಾನು ತೆಗೀತೀನಿ. ಮಧ್ಯಾಹ್ನ ಮೂರರಿಂದ ಆರರ ತನಕ ನನಗೆ ಈ ಮಿಷನ್ ಕೊಡಿ," ಎಂದಳು ರಮಾಮಣಿ.

"ಎಷ್ಟು ದಿವಸ?"

"ಗೊತ್ತಿಲ್ಲ."

ಚೆನ್ನಯರು ಅವಳ ಮುಖವನ್ನು ಒಮ್ಮೆ ನೋಡಿ, ಮಿಷನ್ ಮೇಲಿನ ಬಟ್ಟೆ ತೆಗೆಸಿದರು.

ಎರಡು ವರ್ಷ ಅವಳು ಆ ಅಟ್ಟ ಹತ್ತಿದಳು. ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು. ಕೆಳಗಿನಿಂದ ಸಾಂಬಾರಿನ ಹಬೆ. ಶಬ್ದವನ್ನು ಅಂಕಿಗಳಾಗಿ ಮಾಡುವ ಬೋರ್ಡಿಗೆ ಬೇಕಾದ ಚಿಪ್ಪುಗಳನ್ನು ಲ್ಯಾಮಿಂಗ್ಟನ್ ರೋಡಿನಲ್ಲಿ ಹುಡುಕಿ ತಂದು, ತಾನೇ ಬೆಸುಗೆ ಹಾಕಿದಳು. ಎರಡು ಸಲ ಸುಟ್ಟಿತು, ಮೂರನೇ ಸಲ ನಿಂತಿತು. ಕೆಲಸ ಸಾಗದ ದಿನ ‘ಟೈಪಿಂಗ್ ಮಾಡೋ ಹೆಂಗಸು’ ಎಂದು ತನಗೇ ಒಮ್ಮೆ ಹೇಳಿಕೊಳ್ಳುತ್ತಿದ್ದಳು. ಆಮೇಲೆ ಸಾಗುತ್ತಿತ್ತು.

ತಾಳಮದ್ದಲೆ ಹಾಡಿನ ಹಾಗಲ್ಲ. ಒಂದೊಂದು ಸ್ಪೂಲೂ ಗಂಟೆಗಟ್ಟಲೆ. ಹದಿನೇಳೂವರೆ ನಿಮಿಷದ ಹಳೆಯ ದೋಷ ಹೊಸ ಜರಡಿಯಲ್ಲಿ ಹುಟ್ಟಲೇ ಇಲ್ಲ. ಮೊದಲ ಸ್ಪೂಲು ತಯಾರಾದ ದಿನ ಚೆನ್ನಯರನ್ನು ಅಟ್ಟಕ್ಕೆ ಕರೆದು ಹೆಡ್‌ಫೋನ್ ಕೊಟ್ಟಳು. ಅವರು ಬಾಗಿಕೊಂಡೇ ಬಹಳ ಹೊತ್ತು ಕೇಳಿದರು.

"ಅಪ್ಪ ಇಷ್ಟು ಕೆಮ್ಮುತ್ತಿದ್ದರಂತ ನನಗೆ ಗೊತ್ತೇ ಇರಲಿಲ್ಲ," ಎಂದರು ಕೊನೆಗೆ. ಅಂದಿನಿಂದ ಅವಳ ಮಧ್ಯಾಹ್ನದ ಕಾಫಿ ಅವರೇ ಹೊತ್ತು ತರುತ್ತಿದ್ದರು.

ತೊಂಬತ್ತೊಂದರ ಅಕ್ಟೋಬರಿನಲ್ಲಿ ಜರಡಿ ಮುಗಿಯಿತು. ಪ್ರೋಗ್ರಾಮು ಶುರುವಾದ ಕೂಡಲೇ ಪರದೆಯ ಮೇಲೆ ಮೊದಲು ಬರುವ ಸಾಲು: ‘ಜರಡಿ. ಬರೆದವಳು ರಮಾಮಣಿ, ಭಾಂಡುಪ್, ಮುಂಬಯಿ.’ ಅದರ ಕೆಳಗೆ ಷರತ್ತು. ಶಾಮಲಾ ತನ್ನ ಮೇಲಿನವರ ಒಪ್ಪಿಗೆ ಪಡೆದು, ಪ್ರೋಗ್ರಾಮಿನ ಸಾಲುಗಳನ್ನು ತುಂಡು ತುಂಡಾಗಿ ಆ ತಂತಿಯ ಮೂಲಕ ಹೊರದೇಶಗಳಿಗೆ ಕಳಿಸಿದಳು. ಅದು ರಮಾಮಣಿಗೆ ಮುಖ್ಯವಾಗಿರಲಿಲ್ಲ. ಅವಳ ಮುಖ್ಯ ಕೆಲಸ ಫ್ಲಾಪಿಗಳದು. ವೆಂಕ್‌ಟೋನ್ ಕೊಂಡಿದ್ದ ನಾಲ್ಕು ಕಂಪನಿಗಳು, ಕೊಳ್ಳಲಿದ್ದ ಹತ್ತು ಸಂಸ್ಥೆಗಳು. ಅವರಿಗೆಲ್ಲ ಕಾಗದ ಟೈಪ್ ಮಾಡಿದವಳೇ ಅವಳು. ವಿಳಾಸಗಳು ಪಿನ್‌ಕೋಡ್ ಸಮೇತ ಬಾಯಿಪಾಠ ಇದ್ದವು. ಟೈಪಿಂಗ್‌ನಿಂದ ಅಷ್ಟಾದರೂ ಉಪಯೋಗವಾಯಿತು ಎಂದುಕೊಂಡು, ಹದಿನಾಲ್ಕು ಲಕೋಟೆಗಳ ಮೇಲೆ ದುಂಡಗೆ ಬರೆದಳು.

ಹದಿನೈದನೆಯದು ವೆಂಕಟಸುಬ್ಬಯ್ಯನವರಿಗೆ.

"ಅವರಿಗೆ ಯಾಕೆ?" ಎಂದ ಸತ್ಯಮೂರ್ತಿ. ಅಂಟು ಹಚ್ಚುವ ಕೆಲಸ ಅವನದಾಗಿತ್ತು.

"ಎಲ್ಲರಿಗೂ ಬಿಟ್ಟಿ ಅಂದ ಮೇಲೆ ಅವರೊಬ್ಬರನ್ನ ಬಿಡೋದು ಚೆನ್ನಾಗಿರಲ್ಲ."

ಸತ್ಯಮೂರ್ತಿ ಬ್ರಷ್ ಕೆಳಗಿಟ್ಟ. "ರಮಾ, ಅವರಿಗೆ ಅರವತ್ತು ದಾಟಿದೆ."

"ನಾನು ಕಳ್ಳಿ ಅಂತ ಫೋನ್ ಮಾಡಿದಾಗ ಐವತ್ತೇಳಾಗಿತ್ತು," ಎಂದಳು ಅವಳು. ಅವನು ಮತ್ತೆ ಬ್ರಷ್ ಎತ್ತಿಕೊಂಡ.

ಲಕೋಟೆ ತಲುಪಿದ್ದಕ್ಕೆ ಸಹಿ ಹಾಕಿದ ಗುಲಾಬಿ ಕಾರ್ಡು ಒಂಬತ್ತನೇ ದಿನ ವಾಪಸು ಬಂತು. ಕೆ. ವೆಂಕಟಸುಬ್ಬಯ್ಯ, ಅದೇ ಬಾಲ ಎಳೆದ ಸಹಿ. ಅವಳು ಅದನ್ನು ಅಡುಗೆಮನೆಯ ಡಬ್ಬಿಗಳ ಹಿಂದೆ, ಅಕ್ಕಿ ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುವ ಹಾಗೆ, ಒರಗಿಸಿಟ್ಟಳು.

ಆ ಹೊತ್ತಿಗೆ ವೆಂಕಟಸುಬ್ಬಯ್ಯ ತಮ್ಮ ಜೀವಮಾನದ ದೊಡ್ಡ ಕೆಲಸದ ಹೊಸ್ತಿಲಲ್ಲಿದ್ದರು. ಒಂದು ಟ್ರಸ್ಟಿನವರ ಬಳಿ ಹಳೆಯ ಭಾಷಣಗಳ ಮುನ್ನೂರು ಸ್ಪೂಲುಗಳಿದ್ದವು. ಎಲ್ಲವನ್ನೂ ವೆಂಕ್‌ಟೋನಿನಿಂದ ಶುದ್ಧಮಾಡಿಸುವ ಮಾತಾಗಿತ್ತು. ಅದನ್ನು ನಂಬಿ ಅವರು ಪಕ್ಕದ ಗಾಲಾವನ್ನೂ ಹಿಡಿದು, ಹೊಸ ಮಿಷನ್‌ಗಳನ್ನು ತರಿಸಿದ್ದರು. ಟ್ರಸ್ಟಿನವರ ಎದುರು ಪರೀಕ್ಷೆಯೆಂದು ಅರ್ಧ ಗಂಟೆಯ ಭಾಷಣವೊಂದನ್ನು ಹಾಕಿದರು. ಹದಿನೇಳೂವರೆ ನಿಮಿಷದ ತನಕ ಮುತ್ತಿನಂತೆ ಬಂತು. ಆಮೇಲೆ ಭಾಷಣಕಾರರು ಒಂದೇ ವಾಕ್ಯವನ್ನು ಹೇಳುತ್ತ ಹೋದರು, ಹೇಳುತ್ತಲೇ ಹೋದರು. ನಂಜುಂಡ ಒಂದು ವಾರದ ಗಡುವು ಕೇಳಿಕೊಂಡ, ಸರಿಪಡಿಸಲಾಗಲಿಲ್ಲ. ಆ ವಾರದಲ್ಲೇ ಟ್ರಸ್ಟಿನ ಸೆಕ್ರೆಟರಿ ದಾರದಿಂದ ಕಟ್ಟಿಟ್ಟಿದ್ದ ಟಪಾಲಿನ ಕಟ್ಟು ಬಿಚ್ಚಿದಾಗ ಒಂದು ಫ್ಲಾಪಿ ಸಿಕ್ಕಿತು. ಹಾಕಿ ನೋಡಿದರು. ಅರ್ಧ ಗಂಟೆಯ ಭಾಷಣ ಅರ್ಧ ಗಂಟೆಯೂ ಬಂತು.

ಟ್ರಸ್ಟು ಹಿಂದೆ ಸರಿಯಿತು. ತಿಂಗಳೊಳಗೆ ಉಳಿದವರೂ ಒಬ್ಬೊಬ್ಬರಾಗಿ ಜರಡಿಗೆ ತಿರುಗಿದರು. ವೆಂಕಟಸುಬ್ಬಯ್ಯನವರ ವಕೀಲರ ನೋಟಿಸು ಬಂತು: ಕದ್ದ ಮಾಲು. ರಮಾಮಣಿ ಇಪ್ಪತ್ಮೂರು ಲಕೋಟೆಗಳ ಅಂಚೆ ಮುದ್ರೆಗಳನ್ನು ಝೆರಾಕ್ಸ್ ಮಾಡಿಸಿ ಕಳಿಸಿದಳು. ಕೋರ್ಟಿನಲ್ಲಿ ಒಡೆಯೋಣ, ನಿಮ್ಮದನ್ನೂ ತನ್ನಿ, ಸಾಲು ಸಾಲಾಗಿ ಹೋಲಿಸೋಣ ಎಂದು ಕೆಳಗೆ ಬರೆದಳು. ಮತ್ತೆ ನೋಟಿಸು ಬರಲಿಲ್ಲ.

ಅವಳು ಸುಖವಾಗಿದ್ದ ತಿಂಗಳುಗಳು ಅವು. ಸುಳ್ಳು ಹೇಳಬೇಕಾದ್ದಿಲ್ಲ. ಭಾಂಡುಪ್‌ನಲ್ಲಿ ತರಕಾರಿ ತರಲು ಹೋದಾಗ, ಸುತ್ತುದಾರಿಯಾದರೂ, ಇಂಡಸ್ಟ್ರಿಯಲ್ ಎಸ್ಟೇಟಿನ ಗೇಟಿನ ಮುಂದೆ ಹಾದು ಬರುತ್ತಿದ್ದಳು. ಪಕ್ಕದ ಗಾಲಾದ ಶಟರ್ ಇಳಿದದ್ದನ್ನು ನೋಡಿದ ದಿನ ಅರ್ಧ ಕಿಲೋ ಪೇಡೆ ಕೊಂಡು ಬಂದಳು. ಸತ್ಯಮೂರ್ತಿ ಏನು ವಿಶೇಷ ಎಂದು ಕೇಳಿದ, ಉತ್ತರ ಕೇಳಿ ಪೇಡೆ ಮುಟ್ಟಲಿಲ್ಲ. ಅವಳೇ ತಿಂದಳು.

ಹೊರದೇಶದಿಂದ ಕಾಗದಗಳೂ ಬರತೊಡಗಿದ್ದವು. ಎಲ್ಲೋ ಹಿಮದ ಊರಿನ ರೇಡಿಯೋದವನೊಬ್ಬ ತನ್ನ ಅಜ್ಜಿಯರ ಹಾಡುಗಳಿಗೆ ಜರಡಿ ಹಿಡಿದೆನೆಂದು ಬರೆದಿದ್ದ. ಶಾಮಲಾ ಅಚ್ಚು ಮಾಡಿ ತಂದುಕೊಟ್ಟಾಗ ರಮಾಮಣಿ ಓದಿ, ಮಡಚಿ ಇಟ್ಟಳು. ಆದರೆ ಆ ಕಾಗದಗಳಲ್ಲಿ ಹಲವರು ಒಂದೇ ದೂರು ಹೇಳುತ್ತಿದ್ದರು. ಗದ್ದಲ ಪೂರ್ತಿ ಹೋದ ಜಾಗದಲ್ಲಿ ನೀರಿನ ಗುಳ್ಳೆ ಒಡೆದ ಹಾಗೆ ಹೊಸ ಸದ್ದೊಂದು ಬರುತ್ತದೆ. ಅವಳಿಗೂ ಕೇಳಿಸಿತ್ತು. ಇನ್ನೂ ಬಿಗಿಯಾಗಿ ಕಳೆದು ನೋಡಿದಳು, ಗುಳ್ಳೆ ಹೆಚ್ಚಾಯಿತು. ನಾಲ್ಕು ತಿಂಗಳು ಹೆಣಗಿದರೂ ಹೋಗಲಿಲ್ಲ.

ತೊಂಬತ್ತೆರಡರ ಜೂನಿನಲ್ಲಿ ಚೆನ್ನಯರು ಅಟ್ಟದ ಮೆಟ್ಟಿಲಿನಿಂದ ತಲೆಯೆತ್ತಿ, "ಅಮ್ಮಾ, ನಿಮ್ಮನ್ನು ಕೇಳಿಕೊಂಡು ಒಬ್ಬರು ಬಂದಿದ್ದಾರೆ," ಎಂದರು. ಕೆಳಗೆ ಮೂಲೆಯ ಟೇಬಲ್ಲಿನಲ್ಲಿ ನಂಜುಂಡ ಕೂತಿದ್ದ. ಪ್ರದರ್ಶನದ ಕಾಗದದಲ್ಲಿದ್ದ ಮುಖ, ಇಳಿದುಹೋಗಿತ್ತು. ಮುಂಬಯಿಯಲ್ಲೇ ಹುಟ್ಟಿ ಬೆಳೆದವನು, ಕನ್ನಡ ತಡವರಿಸುತ್ತಿತ್ತು.

"ಆಂಟಿ, ನಾನು ಲಡಾಯಿಗೆ ಬಂದಿಲ್ಲ. ಪ್ಲೀಸ್, ಐದು ಮಿನಿಟ್."

ಅವಳು ಕೂತಳು. ಅವನು ಜೇಬಿನಿಂದ ಒಂದು ಫ್ಲಾಪಿ ತೆಗೆದು ಟೇಬಲ್ಲಿನ ಮೇಲಿಟ್ಟ.

"ಆ ಬುಲ್‌ಬುಲಾ... ಗುಳ್ಳೆ ಸೌಂಡ್. ಪಪ್ಪಾಗೆ ಕಳಿಸಿದ್ರಲ್ಲ, ಆ ಫ್ಲಾಪಿ ನಾನು ಓದಿದೆ. ಪೂರಾ ಓದಿದೆ, ಆರು ತಿಂಗಳು. ನೀವು ಸದ್ದನ್ನ ಪೂರ್ತಿ ಕಳೀತೀರ. ಹಾಗೆ ಮಾಡಬಾರದು. ಸ್ವಲ್ಪ ಬಿಡಬೇಕು, ಎಲ್ಲಾ ಕಡೆ ಸೇಮ್ ಆಗಿ. ಆಗ ಗುಳ್ಳೆ ಕೇಳಲ್ಲ. ಇದರಲ್ಲಿ ಬರೆದಿದೀನಿ."

ರಮಾಮಣಿ ಫ್ಲಾಪಿಯನ್ನು ಮುಟ್ಟಲಿಲ್ಲ. "ಹದಿನೇಳೂವರೆ ನಿಮಿಷದ್ದು ಸರಿಮಾಡೋಕ್ಕೆ ಬರಲಿಲ್ಲ, ಇದು ಬಂತಾ?"

"ಅದು ನೀವು ಬರೆದಿದ್ದು, ನನಗೆ ಆಗ ಸಮಝ್ ಆಗಲಿಲ್ಲ." ಅವನು ತಲೆತಗ್ಗಿಸಿದ. "ನಿಮಗೆ ಗೊತ್ತಿತ್ತಾ? ಅದು ಫೇಲ್ ಆಗುತ್ತೆ ಅಂತ?"

"ಗೊತ್ತಿತ್ತು."

"ಹೇಳಬಹುದಿತ್ತು."

"ಯಾರು ಕೇಳಿದರು? ಬರೆದವನು ನೀನು ಅಂತ ಅಚ್ಚು ಹಾಕಿಸಿದ್ದಿರಲ್ಲ. ಬರೆದವನಿಗೆ ಗೊತ್ತಿರಬೇಕು."

ನಂಜುಂಡ ಫ್ಲಾಪಿಯನ್ನು ಅವಳ ಕಡೆಗೆ ಸರಿಸಿದ. ಚಹಾ ಬಂತು, ಕುಡಿಯಲಿಲ್ಲ. ಎದ್ದು ಹೋಗುವಾಗ, "ನಾನು ಪಪ್ಪಾಗೆ ಆಗಲೇ ಹೇಳಬೇಕಿತ್ತು ಆಂಟಿ, ನನ್ನ ಹೆಸರು ಬೇಡ ಅಂತ. ಹೇಳಲಿಲ್ಲ," ಎಂದು ಫ್ಲಾಪಿ ಅಲ್ಲೇ ಬಿಟ್ಟುಹೋದ.

ಎರಡು ವಾರ ಅವಳು ಅದನ್ನು ಹಾಕಿ ನೋಡಲಿಲ್ಲ. ಹಾಕಿ ನೋಡಿದ ದಿನ ಪೂವಪ್ಪನವರ ಮಾತು ಗುಳ್ಳೆಯಿಲ್ಲದೆ ಕೇಳಿಸಿತು. ಹಿಂದೆ ಬಹಳ ದೂರದಲ್ಲಿ ಫ್ಯಾನು ತಿರುಗುತ್ತಿದ್ದಂತಿತ್ತು, ಕಿವಿಗೆ ಹಿತವಾಗಿತ್ತು. ಹುಡುಗನ ಸಾಲುಗಳು ಅಚ್ಚುಕಟ್ಟಾಗಿದ್ದವು. ಅವಳಿಗೆ ಮೈಯೆಲ್ಲ ಉರಿಯಿತು. ತನ್ನ ಮಾತಿನಲ್ಲಿ ಇನ್ನೊಂದು ಸಲ ಬರೆದು, ಅವನ ಫ್ಲಾಪಿ ತೆಗೆದು ಬಿಸಾಕಿದರೆ ಯಾರಿಗೂ ತಿಳಿಯುವುದಿಲ್ಲ. ಬರೆಯಲು ಕೂತಳು ಕೂಡ. ಆರು ಸಾಲು ಬರೆದಳು. ಪರದೆಯ ಮೇಲೆ ತನ್ನದೇ ಷರತ್ತು ಇತ್ತು, ಬರೆದವರ ಹೆಸರು ಅಳಿಸತಕ್ಕದ್ದಲ್ಲ ಎಂದು. ಬರೆದ ಆರು ಸಾಲನ್ನೂ ಅಳಿಸಿದಳು.

ಆಮೇಲೆ ಯೋಚಿಸಿದಳು, ಯೋಚಿಸಿದಷ್ಟೂ ಉರಿ ಇಳಿದು ಬೇರೆಯೇ ಒಂದು ಹುರುಪು ಏರಿತು. ಜರಡಿಯ ಹೊಸ ಆವೃತ್ತಿಯಲ್ಲಿ ತನ್ನ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿದಳು: ‘ಗುಳ್ಳೆಯ ಸದ್ದನ್ನು ಸರಿಪಡಿಸಿದವನು ವಿ. ನಂಜುಂಡ, ಭಾಂಡುಪ್.’ ಲೋಕದ ಯಾವ ಮೂಲೆಯಲ್ಲಿ ಯಾರು ಜರಡಿ ಓಡಿಸಿದರೂ ವೆಂಕಟಸುಬ್ಬಯ್ಯನವರ ಮಗನ ಹೆಸರು ಅವಳ ಹೆಸರಿನ ಕೆಳಗೆ ಬರಬೇಕು, ಅದನ್ನು ಯಾರೂ ಅಳಿಸುವಂತಿಲ್ಲ. ಹೊಸ ಆವೃತ್ತಿಯ ಫ್ಲಾಪಿಯನ್ನೂ ಅವರ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲೇ ಕಳಿಸಿದಳು.

ಸೆಪ್ಟೆಂಬರಿನಲ್ಲಿ ವೆಂಕಟಸುಬ್ಬಯ್ಯ ಗಾಲಾ ಬಿಟ್ಟುಕೊಟ್ಟರೆಂದು ಗೊತ್ತಾಯಿತು. ನಂಜುಂಡನಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು. ಜರಡಿಗೆ ಒಂದೆರಡು ತಿದ್ದುಪಡಿಗಳನ್ನು ಅವನು ಆಮೇಲೂ ಕಳಿಸಿದ. ಅವಳು ತೆಗೆದುಕೊಂಡಳು, ಹೆಸರು ಹಾಕಿದಳು, ಮನೆಗೆ ಮಾತ್ರ ಕರೆಯಲಿಲ್ಲ. ಆ ಟ್ರಸ್ಟಿನವರು ಮುನ್ನೂರು ಸ್ಪೂಲುಗಳ ಕೆಲಸವನ್ನು ಅವಳಿಗೇ ಒಪ್ಪಿಸಿದ್ದರು. ದಿನವೂ ಒಂಬತ್ತು ಇಪ್ಪತ್ತರ ಲೋಕಲ್.

ಒಂದು ಬೆಳಗ್ಗೆ ಭಾಂಡುಪ್ ಪ್ಲಾಟ್‌ಫಾರಂ ಮೇಲೆ ವೆಂಕಟಸುಬ್ಬಯ್ಯ ಎದುರಾದರು. ಕೈಯಲ್ಲಿ ಸೂಟ್‌ಕೇಸು, ಪಕ್ಕದಲ್ಲಿ ಅವರ ಹೆಂಡತಿ ಸುಬ್ಬಲಕ್ಷ್ಮಿ, ಗಂಟುಮೂಟೆಗಳ ಮೇಲೆ ಕಣ್ಣಿಟ್ಟುಕೊಂಡು ನಿಂತಿದ್ದರು. ಮೈಸೂರಿಗೆ ಹೊರಟಿದ್ದಾರೆಂದು ನೋಡಿದರೇ ತಿಳಿಯುತ್ತಿತ್ತು. ವೆಂಕಟಸುಬ್ಬಯ್ಯ ಮುಖ ತಿರುಗಿಸಬಹುದಿತ್ತು. ತಿರುಗಿಸದೆ ಎರಡು ಹೆಜ್ಜೆ ಹತ್ತಿರ ಬಂದರು.

"ನಂಜುಂಡನ ಹೆಸರು ಹಾಕಿದೆಯಂತೆ," ಎಂದರು.

"ಹೌದು ಸಾರ್."

"ಯಾಕಮ್ಮ? ನನ್ನ ಹೊಟ್ಟೆ ಉರಿಸೋಕ್ಕಾ?"

"ಅದಕ್ಕೂ ಹೌದು," ಎಂದಳು ರಮಾಮಣಿ. "ಆದರೆ ಬರೆದವನು ಅವನೇ. ಬರೆದವರ ಹೆಸರು ಹಾಕಬೇಕು ಸಾರ್."

ವೆಂಕಟಸುಬ್ಬಯ್ಯ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಲೋಕಲ್ ಬಂತು. ಲೇಡೀಸ್ ಡಬ್ಬಾದ ನೂಕುನುಗ್ಗಲಿನಲ್ಲಿ ಅವಳು ಹತ್ತಿಕೊಂಡಳು. ಹಿಂದಿರುಗಿ ನೋಡಿದಾಗ ಅವರು ಸೂಟ್‌ಕೇಸನ್ನು ಕೈಯಿಂದ ಕೈಗೆ ಬದಲಾಯಿಸುತ್ತ ಅಲ್ಲೇ ನಿಂತಿದ್ದರು.

ಆ ಮಾತನ್ನು ಹೇಳುವ ದಿನ ಏನೇನೋ ಆಗುತ್ತದೆ ಎಂದು ಅವಳು ಐದು ವರ್ಷದಿಂದ ಅಂದುಕೊಂಡಿದ್ದಳು. ಏನೂ ಆಗಲಿಲ್ಲ. ಕಾಂಜೂರ್‌ಮಾರ್ಗ್ ದಾಟುವಾಗ ಸೀಟು ಸಿಕ್ಕಿತು. ಬೆಳಗ್ಗೆ ತಿಂಡಿ ತಿಂದಿರಲಿಲ್ಲವೆಂದು ನೆನಪಾಯಿತು. ಮಧ್ಯಾಹ್ನಕ್ಕೆಂದು ಕಟ್ಟಿಕೊಂಡಿದ್ದ ಡಬ್ಬಿ ತೆಗೆದು, ಪಕ್ಕದವಳ ಮೊಣಕೈ ತಾಗದ ಹಾಗೆ ತೊಡೆಯ ಮೇಲಿಟ್ಟುಕೊಂಡು, ಚಪಾತಿ ಮತ್ತು ಆಲೂಗಡ್ಡೆ ಪಲ್ಯವನ್ನು ಪೂರ್ತಿ ತಿಂದಳು.